ಮರುಳುಗಳ್ಳಿ ಆಟದಲ್ಲಿ ಕೈಕೊಟ್ಟಾಗ: ದೋಷ ನಿವಾರಣೆ ಕೈಪಿಡಿ

ಮರುಳುಗಳ್ಳಿ ನಾನು ನಡೆಸುವ ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟಕ್ಕಾಗಿ (ಮೇಜಿನ ಸುತ್ತ ಕೂತು, ಒಬ್ಬರು ಕತೆ ನಡೆಸುತ್ತ, ಉಳಿದವರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಆಟ) ಕಟ್ಟಿದ ಮರುಭೂಮಿಯ ಮಾಯಾಸಸ್ಯ. ಮರಳಿನಲ್ಲಿ ಬೆಳೆದು ಮನುಷ್ಯರನ್ನು ಮರುಳು ಮಾಡುವುದರಿಂದ ಅದಕ್ಕೆ ಈ ಹೆಸರು ಬಂತು. ಕಳ್ಳಿ ಎಂಬ ಮಾತಿಗೆ ಕದಿಯುವವಳು ಎಂಬ ಅರ್ಥವೂ ಇರುವುದು ನನಗೆ ಅನುಕೂಲವೇ ಆಯಿತು, ಏಕೆಂದರೆ ಈ ಗಿಡ ಕದಿಯುವುದು ಬಾಯಾರಿಕೆಯನ್ನು. ಇದರ ಸಮೀಪ ಮಲಗಿದವರಿಗೆ ನೀರು ಬೇಕೆನಿಸುವುದೇ ನಿಂತುಹೋಗುತ್ತದೆ. ಮೈ ಮಾತ್ರ ಒಣಗುತ್ತಲೇ ಇರುತ್ತದೆ. ಕೊನೆಗೆ ಅವರು ತಾವಾಗಿಯೇ ಎದ್ದುಹೋಗಿ ಅದರ ಬುಡದಲ್ಲಿ ಮಲಗುತ್ತಾರೆ.

ಕಾಗದದ ಮೇಲೆ ಇದು ಚೆನ್ನಾಗಿಯೇ ಕಂಡಿತ್ತು. ಆಟಕ್ಕೆ ಇಳಿಸಿದಾಗ ಮೊದಲ ಸಲ ಇಡೀ ತಂಡವನ್ನು ಒಂದೇ ರಾತ್ರಿಯಲ್ಲಿ ಮುಗಿಸಿತು, ಎರಡನೆಯ ಸಲ ಯಾರ ಗಮನಕ್ಕೂ ಬಾರದೆ ಉಳಿಯಿತು, ಮೂರನೆಯ ಸಲ ನೂರು ಹೆಜ್ಜೆ ದೂರದಿಂದ ಬಂದ ಬೆಂಕಿಯ ಬಾಣಕ್ಕೆ ಉರಿದು ಬೂದಿಯಾಯಿತು. ಆ ದೋಷಗಳನ್ನು ಹೇಗೆ ಗುರುತಿಸಬೇಕು, ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಮುಟ್ಟದೆ ಬಿಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಆಟದ ಗಿಡಕ್ಕೆ ಬೇರೆ ಹೆಸರು, ಬೇರೆ ವಿಷ ಇದ್ದರೂ ಪರೀಕ್ಷೆಯ ಕ್ರಮ ಇದೇ ಇರಬಹುದು.

ಸರಿಯಾಗಿ ನಡೆಯುವ ಗಿಡ ಹೇಗಿರುತ್ತದೆ

ದೋಷ ಹುಡುಕುವ ಮೊದಲು ದೋಷವಿಲ್ಲದ ಸ್ಥಿತಿ ಯಾವುದೆಂದು ಬರೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಆಟ ಬೇಸರವಾದ ಪ್ರತಿ ಸಂಜೆಯ ತಪ್ಪೂ ಗಿಡದ ತಲೆಗೇ ಬರುತ್ತದೆ.

ಹಗಲಿನಲ್ಲಿ ಮರುಳುಗಳ್ಳಿ ಮಂಡಿಯೆತ್ತರದ ಒಣಕಡ್ಡಿಗಳ ಗುಂಪು, ಅಷ್ಟೆ. ಇದನ್ನು ನಾನು ಗಾಳಿಯಿಂದ ಹಿಡಿದು ತಂದಿಲ್ಲ. ಅಮೆರಿಕ–ಮೆಕ್ಸಿಕೊ ಗಡಿಯ ಸೊನೋರಾ ಮರುಭೂಮಿಯಲ್ಲಿ ರಾತ್ರಿರಾಣಿ ಎನಿಸಿಕೊಂಡ ಒಂದು ಕಳ್ಳಿ ವರ್ಷವೆಲ್ಲ ಸತ್ತ ಕಡ್ಡಿಯಂತೆ ನಿಂತಿದ್ದು, ನೆಲದೊಳಗಿನ ದಪ್ಪ ಗೆಡ್ಡೆಯಲ್ಲಿ ನೀರು ಕೂಡಿಟ್ಟುಕೊಂಡು, ಬೇಸಿಗೆಯ ರಾತ್ರಿಯೊಂದರಲ್ಲಿ ಘಮಘಮಿಸುವ ಬಿಳಿ ಹೂ ಬಿಡುತ್ತದೆ. ಬೆಳಗಾಗುವಷ್ಟರಲ್ಲಿ ಆ ಹೂ ಬಾಡುತ್ತದೆ. ನನ್ನ ಗಿಡವೂ ರಾತ್ರಿಯಲ್ಲೇ ಉಸಿರಾಡುತ್ತದೆ. ನಿಜವಾದ ಕಳ್ಳಿಗಳು ಹಗಲಿನ ಬಿಸಿಲಿಗೆ ನೀರು ಆವಿಯಾಗದಿರಲೆಂದು ಎಲೆರಂಧ್ರಗಳಂಥ ಸಣ್ಣ ಬಾಯಿಗಳನ್ನು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ತೆರೆದು ಇಂಗಾಲದ ಡೈ ಆಕ್ಸೈಡನ್ನು ಒಳಗೆಳೆದುಕೊಳ್ಳುವುದರಿಂದ, ಮಾಯೆಯ ಉಸಿರಿಗೂ ಅದೇ ಹೊತ್ತು ಹೊಂದುತ್ತದೆ.

ಮೂವತ್ತು ಹೆಜ್ಜೆಯೊಳಗೆ ಮಲಗಿದ ಪ್ರತಿ ಪಾತ್ರವೂ ರಾತ್ರಿಯ ಮೂರು ಜಾವಗಳಲ್ಲಿ ಒಂದೊಂದು ಸೇವಿಂಗ್ ಥ್ರೋ, ಅಂದರೆ ಅಪಾಯದಿಂದ ತಪ್ಪಿಸಿಕೊಳ್ಳುವ ದಾಳ, ಉರುಳಿಸಬೇಕು; ದಾಳಕ್ಕೆ ಪಾತ್ರದ ಬೋನಸ್ ಕೂಡಿದಾಗ ಮುಟ್ಟಬೇಕಾದ ಗುರಿಸಂಖ್ಯೆ 15. ಸೋತಾಗಲೆಲ್ಲ ಒಂದು ಮೆಟ್ಟಿಲು ಕೆಳಗೆ, ಗೆದ್ದಾಗಲೆಲ್ಲ ಒಂದು ಮೆಟ್ಟಿಲು ಮೇಲೆ. ಮೊದಲ ಮೆಟ್ಟಿಲಿನಲ್ಲಿ ಬಾಯಾರಿಕೆ ಅಳಿಯುತ್ತದೆ, ಎರಡನೆಯದರಲ್ಲಿ ನೀರೆಂದರೆ ಹೇಸಿಗೆಯಾಗುತ್ತದೆ, ಮೂರನೆಯದರಲ್ಲಿ ಪಾತ್ರ ಗಿಡದತ್ತ ನಡೆಯುತ್ತದೆ. ಒತ್ತಾಯದಿಂದ ನೀರು ಕುಡಿಸಿ, ಮೂವತ್ತು ಹೆಜ್ಜೆಯಿಂದ ಆಚೆಗೆ ಸಾಗಿಸಿದರೆ ಸಂಜೆಯೊಳಗೆ ಚೇತರಿಕೆ. ಎಲ್ಲವೂ ನೆಟ್ಟಗಿದ್ದರೆ ತಂಡದಲ್ಲಿ ಒಬ್ಬರಾದರೂ ಗಿಡದ ಬಗ್ಗೆ ಅನುಮಾನಪಟ್ಟಿರುತ್ತಾರೆ, ಆದರೂ ಅದರ ಹತ್ತಿರ ಹೋಗಲು ಅವರಿಗೊಂದು ಕಾರಣ ಇರುತ್ತದೆ, ರಾತ್ರಿ ಕಳೆಯುವಷ್ಟರಲ್ಲಿ ಯಾರೋ ಒಬ್ಬರು ಇನ್ನೊಬ್ಬರನ್ನು ಹಿಡಿದೆಳೆಯಬೇಕಾಗಿ ಬಂದಿರುತ್ತದೆ.

ಪರೀಕ್ಷೆಯ ಕ್ರಮ

ದೋಷ ಕಂಡಾಗ ಆಟ ನಡೆಸುವವರ ಕೈ ಮೊದಲು ಹೋಗುವುದು ಸಂಖ್ಯೆಗಳ ಕಡೆಗೆ. ಗುರಿಸಂಖ್ಯೆ ಇಳಿಸುವುದು, ಹಿಟ್ ಪಾಯಿಂಟ್ (ಬೀಳುವ ಮೊದಲು ತಾಳಬಲ್ಲ ಪೆಟ್ಟಿನ ಲೆಕ್ಕ) ಏರಿಸುವುದು, ಹೊಡೆತಕ್ಕೆ ಇನ್ನೆರಡು ದಾಳ ಸೇರಿಸುವುದು ಸುಲಭ. ಒಂದು ರಬ್ಬರು, ಒಂದು ಪೆನ್ಸಿಲು ಸಾಕು. ನನ್ನ ಅನುಭವದಲ್ಲಿ ಗಿಡದ ದೋಷ ಹೆಚ್ಚಾಗಿ ಅಡಗಿರುವುದು ದಾಳ ಉರುಳುವ ಮೊದಲಿನ ಹೊತ್ತಿನಲ್ಲಿ, ಅಂದರೆ ಆಟಗಾರರಿಗೆ ಏನು ಕಾಣಿಸಿತು ಮತ್ತು ಕಂಡದ್ದರ ಮೇಲೆ ಅವರು ಏನು ತೀರ್ಮಾನಿಸಬಹುದಾಗಿತ್ತು ಎಂಬಲ್ಲಿ. ಆದ್ದರಿಂದ ಮೊದಲು ಸೆಳೆತ (ಗಿಡದ ಹತ್ತಿರ ಹೋಗಲು ಇರುವ ಕಾರಣ), ಆಮೇಲೆ ಸುಳಿವು, ಅದಾದ ಮೇಲೆ ದಾಳ, ಕಡೆಗೆ ಪರಿಣಾಮ ಎಂಬ ಕ್ರಮದಲ್ಲಿ ನೋಡುತ್ತ ಬರಬೇಕು, ಮತ್ತು ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡನ್ನು ಒಟ್ಟಿಗೆ ತಿದ್ದಿದರೆ ಮುಂದಿನ ಆಟ ಚೆನ್ನಾಗಿ ನಡೆದಾಗ ಯಾವ ತಿದ್ದುಪಡಿ ಫಲಿಸಿತೆಂದು ತಿಳಿಯುವುದಿಲ್ಲ.

ಇಷ್ಟು ಹೇಳಿಯೂ ದಾಳದ ದೋಷವನ್ನೇ ಮೊದಲು ವಿವರಿಸುತ್ತಿದ್ದೇನೆ. ಅದನ್ನು ಮಾತ್ರ ಲೆಕ್ಕ ಹಾಕಿ ಇದೆ ಅಥವಾ ಇಲ್ಲ ಎಂದು ಖಚಿತವಾಗಿ ಹೇಳಬಹುದು. ಅದು ಇಲ್ಲವೆಂದು ತೀರ್ಮಾನವಾದರೆ ಉಳಿದವುಗಳ ಕಡೆಗೆ ನೆಮ್ಮದಿಯಿಂದ ತಿರುಗಬಹುದು.

ದೋಷ: ತಂಡವೆಲ್ಲ ಒಂದೇ ರಾತ್ರಿಯಲ್ಲಿ ಮುಗಿಯುತ್ತದೆ

ನನ್ನ ಮೊದಲ ಆವೃತ್ತಿಯಲ್ಲಿ ಮೆಟ್ಟಿಲುಗಳು ಇರಲಿಲ್ಲ. ರಾತ್ರಿಗೆ ಒಂದೇ ಸೇವಿಂಗ್ ಥ್ರೋ, ಸೋತವರು ಎದ್ದು ಗಿಡದತ್ತ ನಡೆಯುತ್ತಾರೆ. ಇಪ್ಪತ್ತು ಮುಖದ ದಾಳದ ಒಂದೊಂದು ಮುಖಕ್ಕೂ ಶೇಕಡಾ 5ರ ಪಾಲು ಇರುವುದರಿಂದ ಲೆಕ್ಕ ಬಾಯಲ್ಲೇ ಮುಗಿಯುತ್ತದೆ. ಪಾತ್ರಕ್ಕೆ 2ರ ಬೋನಸ್ ಇದ್ದರೆ 15 ಮುಟ್ಟಲು ದಾಳದಲ್ಲಿ 13 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕು. ಅಂಥ ಮುಖಗಳು 8. ಗೆಲ್ಲುವ ಸಾಧ್ಯತೆ ಶೇಕಡಾ 40, ಸೋಲುವುದು ಶೇಕಡಾ 60. ನಾಲ್ವರ ತಂಡದಲ್ಲಿ ನಾಲ್ವರೂ ಸೋಲುವ ಸಾಧ್ಯತೆ 0.6ನ್ನು ನಾಲ್ಕು ಸಲ ಗುಣಿಸಿದಾಗ ಬರುವ ಶೇಕಡಾ 13. ಹೆಚ್ಚುಕಡಿಮೆ ಎಂಟು ರಾತ್ರಿಗೆ ಒಂದು ರಾತ್ರಿ ಎಳೆಯುವವರೇ ಇಲ್ಲದೆ ಎಲ್ಲರೂ ಸಾಲಾಗಿ ನಡೆದು ಹೋಗುತ್ತಾರೆ. ನನ್ನ ತಂಡಕ್ಕೆ ಆ ಎಂಟನೆಯ ರಾತ್ರಿ ಮೊದಲ ದಿನವೇ ಬಂತು.

ಗುರಿಸಂಖ್ಯೆ ಇಳಿಸುವುದು ಸಹಜವಾಗಿ ಹೊಳೆಯುವ ಮದ್ದು. 10ಕ್ಕೆ ಇಳಿಸಿದರೆ ನಾಲ್ವರೂ ಸೋಲುವುದು ಶೇಕಡಾ 1.5ಕ್ಕೆ ಇಳಿಯುತ್ತದೆ, ನಿಜ. ಆದರೆ ನಾಲ್ವರೂ ಗೆದ್ದು ಏನೂ ನಡೆಯದೆ ಬೆಳಗಾಗುವ ಸಾಧ್ಯತೆ ಶೇಕಡಾ 2.6ರಿಂದ ಸುಮಾರು 18ಕ್ಕೆ ಏರುತ್ತದೆ. ಅಪಾಯ ಕಡಿಮೆಯಾಗುವಷ್ಟು ಗಿಡವೂ ಸಪ್ಪೆಯಾಗುತ್ತ ಹೋಗುತ್ತದೆ. ನನಗೆ ಬೇಕಾಗಿದ್ದದ್ದು ಬೇರೆ: ಒಬ್ಬರೋ ಇಬ್ಬರೋ ಬಲೆಗೆ ಬೀಳಬೇಕು, ಉಳಿದವರಿಗೆ ಎಚ್ಚರವಿರಬೇಕು.

ಗುರಿಸಂಖ್ಯೆ 15ನ್ನೇ ಉಳಿಸಿಕೊಂಡು, ಒಂದು ಸೋಲನ್ನು ಮೂರು ಮೆಟ್ಟಿಲುಗಳಾಗಿ ಒಡೆದಾಗ ಅದು ಸಿಕ್ಕಿತು. ಮೂರು ಜಾವದಲ್ಲೂ ಸೋತವರು ಮಾತ್ರ ನಡೆಯುತ್ತಾರೆ. ಒಬ್ಬರಿಗೆ ಆ ಸಾಧ್ಯತೆ 0.6 ಮೂರು ಸಲ, ಅಂದರೆ ಶೇಕಡಾ 21.6. ನಾಲ್ವರೂ ಒಟ್ಟಿಗೆ ಅಲ್ಲಿಗೆ ಮುಟ್ಟುವುದು ಸಾವಿರ ರಾತ್ರಿಗೆ ಎರಡು ಸಲ. ಕನಿಷ್ಠ ಒಬ್ಬರಾದರೂ ಎದ್ದು ನಡೆಯುವ ಸಾಧ್ಯತೆ ಮಾತ್ರ ಶೇಕಡಾ 62. ಕತ್ತಲಿನಲ್ಲಿ ಒಬ್ಬ ಹಾಸಿಗೆಯಿಂದ ಏಳುತ್ತಾನೆ, ಪಹರೆಯಲ್ಲಿದ್ದವಳು ಎಲ್ಲಿಗೆಂದು ಕೇಳುತ್ತಾಳೆ, ಅವನು ಉತ್ತರ ಕೊಡುವುದಿಲ್ಲ. ಈ ದೃಶ್ಯ ಮೂರರಲ್ಲಿ ಎರಡು ರಾತ್ರಿಯ ಹತ್ತಿರಹತ್ತಿರ ಬಂದೇ ಬರುತ್ತದೆ. ನಿಮ್ಮ ತಂಡ ಆರು ಜನರದ್ದೋ ಇಬ್ಬರದ್ದೋ ಆಗಿದ್ದರೆ ಇದೇ ಗುಣಾಕಾರವನ್ನು ನಿಮ್ಮ ಸಂಖ್ಯೆಗೆ ಮಾಡಿ ನೋಡಿ. ಇಬ್ಬರ ತಂಡಕ್ಕಂತೂ ಇಬ್ಬರೂ ನಡೆದುಬಿಡುವ ಸಾಧ್ಯತೆ ಶೇಕಡಾ 4.7, ಅಲ್ಲಿ ಒಂಟೆಯನ್ನೋ ನಾಯಿಯನ್ನೋ ಜೊತೆಗೆ ಕೊಡುವುದು ಕ್ಷೇಮ.

ಗಿಡ ಮುಳ್ಳಿನಿಂದ ನೇರವಾಗಿ ಗಾಯ ಮಾಡುವಂಥದ್ದಾದರೆ ಪರೀಕ್ಷೆ ಇನ್ನೂ ಚಿಕ್ಕದು. ಆರು ಮುಖದ ದಾಳದ ಸರಾಸರಿ 3.5. ಅಂಥ ಆರು ದಾಳಗಳ ಹೊಡೆತ ಸರಾಸರಿ 21. 20 ಹಿಟ್ ಪಾಯಿಂಟಿನ ಪಾತ್ರ ಅರ್ಧಕ್ಕಿಂತ ಹೆಚ್ಚು ಸಲ ಒಂದೇ ಏಟಿಗೆ ಬೀಳುತ್ತದೆ. ಎಚ್ಚರಿಕೆ ಕೊಡದೆ ಹೊಡೆಯುವ ಗಿಡಕ್ಕೆ ಅಷ್ಟು ದಾಳ ಕೊಡಬಾರದು.

ದೋಷ: ಬಾಯಾರಿಕೆ ಹೋದದ್ದನ್ನು ಆಟಗಾರರು ವರವೆಂದು ತಿಳಿಯುತ್ತಾರೆ

ನನ್ನನ್ನು ಹೆಚ್ಚು ಕಾಡಿದ ದೋಷ ಇದು. ಎರಡನೆಯ ಸಲ ಗಿಡವನ್ನು ಆಟಕ್ಕೆ ತಂದಾಗ ಸಂಖ್ಯೆಗಳೆಲ್ಲ ಸರಿಯಾಗಿದ್ದವು. ಬೆಳಗಿನ ಜಾವ ಇಬ್ಬರು ಮೊದಲ ಮೆಟ್ಟಿಲಿನಲ್ಲಿದ್ದರು. ನಾನು ಗಂಭೀರವಾಗಿ, “ಬಿಸಿಲು ಏರ್ತಾ ಇದೆ, ಆದ್ರೂ ನಿಮ್ಮಿಬ್ಬರಿಗೆ ಬಾಯಾರಿಕೆ ಇಲ್ಲ,” ಎಂದೆ. ದಾರಿಗಾರನ ಪಾತ್ರ ಆಡುತ್ತಿದ್ದ ಗೆಳೆಯ ಪೆನ್ಸಿಲಿನ ಹಿಂಬದಿಯ ರಬ್ಬರಿನಿಂದ ಆ ದಿನದ ನೀರಿನ ಗೆರೆಯನ್ನು ಅಳಿಸುತ್ತ, “ಒಳ್ಳೇದೇ ಆಯ್ತಲ್ಲ, ಇವತ್ತಿನ ನೀರು ಉಳೀತು,” ಎಂದ. ಮಿಕ್ಕವರು ತಲೆಯಾಡಿಸಿದರು. ಕಾಗದದ ಮೇಲೆ ರಬ್ಬರಿನ ಪುಡಿ ಉಳಿದಿತ್ತು. ಅದನ್ನು ಊದಿ, ಮುಂದಿನ ಊರಿನ ಮಾತಿಗೆ ಹೋದ. ಎರಡು ದಿನದ ನಂತರ ಆ ಪಾತ್ರ ದಾರಿಯಲ್ಲಿ ಕುಸಿದು ಸತ್ತಾಗ ಮೇಜಿನ ಸುತ್ತ ಹೆದರಿಕೆ ಇರಲಿಲ್ಲ, ಇದ್ದದ್ದು ಸಿಟ್ಟು. ಅವನ ಸಿಟ್ಟು ನ್ಯಾಯವಾದದ್ದೇ.

ಕಾರಣ ಹುಡುಕಲು ನನಗೆ ಸ್ವಲ್ಪ ಕಾಲ ಹಿಡಿಯಿತು. ಮೇಜಿನ ಮುಂದೆ ಕೂತ ಆಟಗಾರನಿಗೆ ಪಾತ್ರದ ಮೈ ಇಲ್ಲ; ಆಟ ನಡೆಸುವವರು ಹೇಳಿದ್ದಷ್ಟೇ ಅವನ ಮೈ. ನಿಜವಾದ ಮರುಭೂಮಿಯಲ್ಲಿ ಇರಬೇಕಾದದ್ದು ಇಲ್ಲವಾದಾಗ ಮೈಯೇ ಬೇರೆ ದಾರಿಯಿಂದ ಕೂಗುತ್ತದೆ. ಆಟದಲ್ಲಿ ಬಾಯಾರಿಕೆ ಇಲ್ಲ ಎಂದರೆ ಒಂದು ಖರ್ಚು ಇಲ್ಲ ಎಂದಷ್ಟೇ ಕೇಳಿಸುತ್ತದೆ. ಇಲ್ಲದಿರುವುದು ತಾನಾಗಿ ಸುಳಿವಾಗಲಾರದು; ಅದರ ಪಕ್ಕದಲ್ಲಿ ಇರುವುದೊಂದನ್ನು ಇಡಬೇಕು.

ಇಡಬಹುದಾದವುಗಳನ್ನು ನೀರು ಕಳೆದುಕೊಂಡ ದೇಹವೇ ಕೊಡುತ್ತದೆ. ಬಿಸಿಲಿನಲ್ಲಿ ದುಡಿಯುವ ಮನುಷ್ಯನ ಬೆವರು ಗಂಟೆಗೆ ಒಂದು ಲೀಟರನ್ನು ಮುಟ್ಟಬಲ್ಲದು. ಬಾಯಾರಿಕೆ ಸಾಮಾನ್ಯವಾಗಿ ಎಚ್ಚರಗೊಳ್ಳುವುದು ಮೈತೂಕದ ಶೇಕಡಾ 1ರಿಂದ 2ರಷ್ಟು ನೀರು ಹೋದ ಮೇಲೆ. ಹೀಗಿರುವಾಗ ಬಾಯಾರಿಕೆಯೆಂಬ ಆ ಎಚ್ಚರಿಕೆಯ ಗಂಟೆಯನ್ನೇ ಯಾರೋ ಬಿಚ್ಚಿಟ್ಟರೆ ಉಳಿದ ಲಕ್ಷಣಗಳು ಒಂದೊಂದಾಗಿ ಬರುತ್ತವೆ: ತುಟಿ ಒಡೆಯುತ್ತದೆ, ನಾಲಿಗೆ ಅಂಗುಳಕ್ಕೆ ಅಂಟಿ ಮಾತು ತೊದಲುತ್ತದೆ, ಮೂತ್ರ ಕಡು ಹಳದಿಯಾಗುತ್ತದೆ, ಮುಂಗೈಯ ಚರ್ಮವನ್ನು ಚಿವುಟಿ ಬಿಟ್ಟರೆ ಮಡಿಕೆ ಕೂಡಲೇ ಇಳಿಯದೆ ನಿಂತೇ ಇರುತ್ತದೆ. ಈ ಕೊನೆಯದನ್ನು ವೈದ್ಯರೂ ನೋಡುತ್ತಾರೆ. ಆಟದಲ್ಲಿ ಇದಕ್ಕಿಂತ ಒಳ್ಳೆಯ ಸುಳಿವು ನನಗೆ ಸಿಕ್ಕಿಲ್ಲ, ಏಕೆಂದರೆ ಹೇಳಿದ ಕೂಡಲೇ ಮೇಜಿನ ಸುತ್ತ ಕೂತವರೆಲ್ಲ ತಮ್ಮ ತಮ್ಮ ಕೈಯನ್ನೇ ಚಿವುಟಿ ನೋಡುತ್ತಾರೆ.

ಈ ಲಕ್ಷಣಗಳನ್ನು ಸೋತ ಆಟಗಾರನಿಗೆ ಹೇಳಬಾರದು, ಅವನ ಪಕ್ಕದ ಪಾತ್ರಕ್ಕೆ ಹೇಳಬೇಕು. “ನಿನ್ನ ಜೊತೆಗಾರನ ತುಟಿಯಿಂದ ರಕ್ತ ಬರ್ತಾ ಇದೆ, ಅವನು ಅದನ್ನ ಒರೆಸಿಕೊಳ್ತಾನೂ ಇಲ್ಲ” ಎಂದಾಗ ಅಪಾಯ ಇಬ್ಬರ ನಡುವಿನ ಮಾತಾಗುತ್ತದೆ. ತನ್ನ ಮೈಯ ಸ್ಥಿತಿ ತನಗೆ ತಿಳಿಯದಿರುವುದೇ ಈ ಗಿಡದ ಮಾಯೆಯಾದ್ದರಿಂದ ನಿಯಮಕ್ಕೂ ಅದು ಒಪ್ಪುತ್ತದೆ.

ಗಿಡದ ಹತ್ತಿರ ಬರುವ ಮೊದಲೂ ಒಂದು ಸುಳಿವು ಇರಬೇಕು. ನಾನು ಹಲವನ್ನು ಪ್ರಯತ್ನಿಸಿದೆ. ಗಿಡದ ಸುತ್ತ ಇಲಿಬಿಲಗಳು ಖಾಲಿಯಾಗಿರುವುದನ್ನು ಯಾರೂ ಲೆಕ್ಕಿಸಲಿಲ್ಲ. ಒಂಟೆ ಅಲ್ಲಿ ಮಲಗಲು ಒಪ್ಪದಿರುವುದನ್ನು ಒಂಟೆಯ ಹಟವೆಂದುಕೊಂಡರು. ಮೂರನೆಯದು ಕೆಲಸ ಮಾಡಿತು: ಒಣಗಿ ಸೌದೆಯಂತಾದ ಒಬ್ಬ ದಾರಿಹೋಕನ ಶವ, ಅವನ ತೋಳಿನಡಿಯಲ್ಲಿ ಬಾಯಿಕಟ್ಟು ಬಿಚ್ಚದ, ತುಳುಕುವಷ್ಟು ತುಂಬಿದ ನೀರಿನ ತೊಗಲಚೀಲ. ಇದನ್ನು ಕಂಡ ತಂಡ ಹತ್ತು ನಿಮಿಷ ಚರ್ಚಿಸಿತು, ತಪ್ಪು ತೀರ್ಮಾನಕ್ಕೂ ಬಂತು. ನೀರಿಗೇ ವಿಷ ಬೆರೆತಿದೆ ಎಂದುಕೊಂಡು ಚೀಲವನ್ನು ಮರಳಿಗೆ ಸುರಿದರು. ಪರವಾಗಿಲ್ಲ. ಸುಳಿವು ಸಿಕ್ಕು ತಪ್ಪು ತಿಳಿಯುವುದು ಆಟ, ಸುಳಿವೇ ಸಿಗದಿರುವುದು ದೋಷ.

ಈ ದೋಷವನ್ನು ಖಚಿತಪಡಿಸಿಕೊಳ್ಳಲು ಆಟ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ: ನಿಮಗೆ ಮೊದಲು ಅನುಮಾನ ಬಂದದ್ದು ಯಾವಾಗ? ಶವ ಕಂಡಾಗ, ತುಟಿ ಒಡೆದಾಗ ಎಂಬಂಥ ಉತ್ತರ ಬಂದರೆ ಗಿಡ ಸರಿಯಾಗಿದೆ. ನೀವು ದಾಳ ಉರುಳಿಸಲು ಹೇಳಿದಾಗ ಎಂದರೆ ಸುಳಿವು ಸಾಲದು. ಸತ್ತ ಮೇಲೆ ಎಂದರೆ ಇಡೀ ಭಾಗವನ್ನು ಹೊಸದಾಗಿ ಬರೆಯುವುದೇ ಒಳಿತು.

ದೋಷ: ದೂರದಿಂದಲೇ ಸುಟ್ಟುಬಿಡುತ್ತಾರೆ

ಗಿಡ ನಡೆಯುವುದಿಲ್ಲ, ಬಾಣ ಹಾರುತ್ತದೆ. ಸುಳಿವು ಚೆನ್ನಾಗಿ ಕೊಟ್ಟಷ್ಟೂ ಈ ದೋಷ ತಲೆಯೆತ್ತುತ್ತದೆ. ಗಿಡಕ್ಕೆ ಬೆಂಕಿ ತಗಲುವುದಿಲ್ಲವೆಂದು ಬರೆದುಬಿಡುವ ಆಸೆ ನಿಮಗೆ ಬರುತ್ತದೆ, ಬರೆಯಬೇಡಿ. ಒಣಕಡ್ಡಿಗೆ ಬೆಂಕಿ ಹಿಡಿಯಲಿಲ್ಲವೆಂದರೆ ಆಟಗಾರರು ಜಗತ್ತನ್ನೇ ನಂಬುವುದನ್ನು ಬಿಡುತ್ತಾರೆ.

ನಿಜವಾಗಿ ತಪ್ಪಿರುವುದು ಸೆಳೆತ. ಸುಟ್ಟರೆ ಕಳೆದುಕೊಳ್ಳುವುದು ಏನೂ ಇಲ್ಲದಿದ್ದರೆ ಸುಡುವುದೇ ಜಾಣತನ. ಮರುಭೂಮಿಯಲ್ಲಿ ಸೆಳೆತವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ನೀರಿದೆ. ಸಹಾರಾದ ಟೆನೆರೆ ಪ್ರದೇಶದಲ್ಲಿ ಒಂಟಿಯಾಗಿ ನಿಂತಿದ್ದ ಅಕೇಸಿಯಾ ಮರವೊಂದರ ಪಕ್ಕ 1938–39ರ ಚಳಿಗಾಲದಲ್ಲಿ ಬಾವಿ ತೋಡಿದಾಗ ಅದರ ಬೇರು ಮೂವತ್ತು ಮೀಟರಿಗೂ ಆಳದಲ್ಲಿ ನೀರನ್ನು ಮುಟ್ಟಿದ್ದದ್ದು ಕಂಡಿತು. 1973ರಲ್ಲಿ ಒಂದು ಲಾರಿ ಗುದ್ದಿ ಆ ಮರ ಉರುಳಿತು. ಸುತ್ತ ನೂರಾರು ಕಿಲೋಮೀಟರ್ ಬಯಲಿದ್ದೂ ಅದಕ್ಕೇ ಗುದ್ದಿದ್ದನ್ನು ಆಟದಲ್ಲಿ ಬರೆದಿದ್ದರೆ ಯಾರೂ ಒಪ್ಪುತ್ತಿರಲಿಲ್ಲ. ಅದೇ ರೀತಿ ಮರುಳುಗಳ್ಳಿ ಇರುವಲ್ಲಿ ಕೆಳಗೆ ನೀರಿದೆ ಎಂಬುದು ದಾರಿಗಾರರಿಗೆ ತಿಳಿದಿರಲಿ. ಅದರ ಗೆಡ್ಡೆಯನ್ನು ಬಗೆದರೆ ಹತ್ತು ಜನರಿಗೆ ಸಾಲುವ ಸಿಹಿನೀರು. ಬಗೆಯಲು ಬುಡಕ್ಕೇ ಹೋಗಬೇಕು. ಹಗಲಿನಲ್ಲಿ ಗೆಡ್ಡೆ ನೀರನ್ನು ಆಳಕ್ಕೆ ಇಳಿಸಿಕೊಳ್ಳುವುದರಿಂದ ರಾತ್ರಿಯೇ ಬಗೆಯಬೇಕು. ಮೇಲಿನ ಕಡ್ಡಿಯನ್ನು ಸುಟ್ಟರೆ ಗೆಡ್ಡೆ ಕಹಿಯಾಗುತ್ತದೆ.

ಹೊಗೆಯನ್ನೂ ಮರೆಯಬೇಡಿ. ಪಾಯ್ಸನ್ ಐವಿ ಎಂಬ ನಿಜವಾದ ಬಳ್ಳಿಯನ್ನು ಸುಟ್ಟವರ ಶ್ವಾಸಕೋಶಕ್ಕೆ ಅದರ ಹೊಗೆಯೇ ಹಾನಿ ಮಾಡಬಲ್ಲದು. ಮರುಳುಗಳ್ಳಿಯ ಹೊಗೆ ಗಾಳಿ ಬೀಸುವ ಕಡೆಗೆ ಮುನ್ನೂರು ಹೆಜ್ಜೆಯವರೆಗೆ ಒಂದು ಸೇವಿಂಗ್ ಥ್ರೋ ಕೇಳುತ್ತದೆ ಎಂದು ನಿಯಮ ಸೇರಿಸಿದ ಮೇಲೆ, ನನ್ನ ಮೇಜಿನಲ್ಲಿ ಬೆಂಕಿ ಹಚ್ಚುವ ಮೊದಲು ಗಾಳಿಯ ದಿಕ್ಕು ಕೇಳುವುದು ರೂಢಿಯಾಯಿತು.

ದೋಷ: ಮಂತ್ರವೊಂದು ಎಲ್ಲವನ್ನೂ ಮುಗಿಸುತ್ತದೆ

ನೀರು ಸೃಷ್ಟಿಸುವ ಮಂತ್ರ ಈ ಗಿಡಕ್ಕೆ ತೊಂದರೆಯಲ್ಲ. ನೀರಿನ ಕೊರತೆ ಇಲ್ಲಿ ಸಮಸ್ಯೆಯೇ ಅಲ್ಲ. ಮಾಯೆ ಪತ್ತೆ ಮಾಡುವ ಮಂತ್ರ ಹಗಲಿನಲ್ಲಿ ಏನನ್ನೂ ತೋರುವುದಿಲ್ಲ, ಏಕೆಂದರೆ ಉಸಿರು ರಾತ್ರಿಯದು. ಶಾಪ ಅಥವಾ ವಿಷ ಇಳಿಸುವ ಮಂತ್ರ ಮಾತ್ರ ನಿಜವಾದ ತೊಡಕು. ಅದು ಪಾತ್ರವನ್ನು ಒಂದು ಮೆಟ್ಟಿಲು ಮೇಲೆತ್ತಲಿ, ಮೂರನ್ನೂ ಅಲ್ಲ. ಇದನ್ನು ಆಟಗಾರರಿಗೆ ಮಂತ್ರ ಹಾಕುವ ಮೊದಲೇ ತಿಳಿಸುವುದು ಮರ್ಯಾದೆ.

ದೋಷ: ಬಲೆಗೆ ಬಿದ್ದ ಆಟಗಾರ ಸುಮ್ಮನೆ ಕೂರುತ್ತಾನೆ

ಮೂರನೆಯ ಮೆಟ್ಟಿಲಿಗಿಳಿದ ಪಾತ್ರವನ್ನು ಆಟ ನಡೆಸುವವರು ತಾವೇ ನಡೆಸತೊಡಗಿದರೆ ಆ ಆಟಗಾರನಿಗೆ ಮೊಬೈಲ್ ನೋಡುವುದಷ್ಟೇ ಉಳಿಯುತ್ತದೆ. ಲಕ್ಷಣ ಅದೇ, ಬೇರೆ ಪರೀಕ್ಷೆ ಬೇಕಿಲ್ಲ. ಪಾತ್ರವನ್ನು ಅವನ ಕೈಯಲ್ಲೇ ಬಿಟ್ಟು, ಪಾತ್ರದ ಬಯಕೆಯನ್ನು ಮಾತ್ರ ಬದಲಿಸಿ. ನಾನು ಚೀಟಿ ಬರೆದುಕೊಡುತ್ತೇನೆ: “ನೀರಿಗೆ ಹೆಣದ ವಾಸನೆ ಬರುತ್ತಿದೆ. ಗೆಳೆಯರು ನಿನಗೆ ಅದನ್ನು ಕುಡಿಸಲು ನೋಡುತ್ತಿದ್ದಾರೆ. ಆ ಗಿಡದ ಬುಡ ತಂಪಾಗಿದೆ.” ಇದನ್ನು ಓದಿದ ಆಟಗಾರ್ತಿಯೊಬ್ಬಳು ಚೀಟಿಯನ್ನು ಮಡಿಸಿ ಜೇಬಿಗಿಟ್ಟು, ನಗುನಗುತ್ತ ಎಲ್ಲರ ತೊಗಲಚೀಲಗಳನ್ನೂ “ನಾನು ಹೊರ್ತೀನಿ ಕೊಡಿ” ಎಂದು ಇಸಿದುಕೊಂಡಳು. ಅಂಥದ್ದನ್ನು ನಾನು ಬರೆಯಲು ಸಾಧ್ಯವಿರಲಿಲ್ಲ. ಪಾತ್ರದ ಮನಸ್ಸನ್ನು ಹೀಗೆ ತಿರುಗಿಸುವ ಆಟ ಎಲ್ಲರಿಗೂ ಹಿತವಾಗುವುದಿಲ್ಲವಾದ್ದರಿಂದ ಮೊದಲ ದಿನವೇ ಕೇಳಿ ಒಪ್ಪಿಗೆ ಪಡೆದಿರಬೇಕು. ಬೇಡವೆಂದವರ ಪಾತ್ರ ಎರಡನೆಯ ಮೆಟ್ಟಿಲಿಗೇ ನಿಲ್ಲಲಿ.

ದೋಷ: ಗಿಡ ಬಿಟ್ಟು ಬಂದರೂ ಪರಿಣಾಮ ಬಿಡುವುದಿಲ್ಲ

ಇದು ಕೆಲವು ಸಲ ದೋಷ, ಕೆಲವು ಸಲ ಅಲ್ಲ. ಚೋಯಾ ಎಂಬ ಕಳ್ಳಿಯ ಗೆಣ್ಣುಗಳು ತುಸು ತಾಗಿದರೂ ಕಳಚಿ ಬಟ್ಟೆಗೋ ಚರ್ಮಕ್ಕೋ ಅಂಟಿಕೊಳ್ಳುತ್ತವೆ. ಮುಳ್ಳಿಗೆ ಹಿಂದಕ್ಕೆ ಬಾಗಿದ ಸೂಕ್ಷ್ಮ ಕೊಕ್ಕೆಗಳಿರುವುದರಿಂದ ಬೆರಳಿನಿಂದ ಕೀಳಲು ಹೋದರೆ ಬೆರಳಿಗೂ ಅಂಟುತ್ತವೆ; ಗೊತ್ತಿರುವವರು ಬಾಚಣಿಗೆಯನ್ನು ಮಧ್ಯೆ ತೂರಿಸಿ ಚಿಮ್ಮುತ್ತಾರೆ. ಅದು ಹಾರಿ ಬರುತ್ತದೆಂದು ಜನ ಹೇಳುವುದುಂಟು, ಹಾರುವುದಿಲ್ಲ. ಮರುಳುಗಳ್ಳಿಗೂ ಇಂಥ ಗೆಣ್ಣುಗಳಿವೆ, ಬಟ್ಟೆಗೆ ಅಂಟಿದ ಗೆಣ್ಣು ತನ್ನ ಸುತ್ತ ಮೂರು ಹೆಜ್ಜೆಯೊಳಗೆ ಅದೇ ಕೆಲಸವನ್ನು ಮುಂದುವರಿಸುತ್ತದೆ.

ಆದ್ದರಿಂದ ಚೇತರಿಕೆ ಆಗುತ್ತಿಲ್ಲವೆಂದು ಆಟಗಾರರು ದೂರಿದರೆ ಮೊದಲು ನಿಮ್ಮ ಟಿಪ್ಪಣಿ ತೆಗೆದು ಎರಡು ವಿಷಯ ನೋಡಿ: ಯಾರಾದರೂ ಗಿಡವನ್ನು ಮುಟ್ಟಿದ್ದರೇ, ಮುಟ್ಟಿದ್ದರೆ ಗೆಣ್ಣು ಅಂಟಿದ್ದನ್ನು ನೀವು ಹೇಳಿದ್ದಿರೇ? ಮುಟ್ಟಿಲ್ಲವಾದರೆ ಮೆಟ್ಟಿಲಿನ ಲೆಕ್ಕದಲ್ಲಿ ನೀವೇ ತಪ್ಪಿದ್ದೀರಿ, ಒಪ್ಪಿಕೊಂಡು ಸರಿಪಡಿಸಿ. ಮುಟ್ಟಿದ್ದು, ನೀವು ಹೇಳಿಲ್ಲವಾದರೆ ಈಗಲೇ ಹೇಳಿ, ಉದಾಹರಣೆಗೆ ಜಮಖಾನ ಮಡಿಸುವಾಗ ಯಾರದೋ ಅಂಗೈಗೆ ಏನೋ ಚುಚ್ಚಿತೆಂದು. ಮುಟ್ಟಿದ್ದು, ಹೇಳಿಯೂ ಆಗಿದ್ದು, ಅವರು ಮರೆತಿದ್ದರೆ ಏನನ್ನೂ ತಿದ್ದಬೇಡಿ. ಸಂಜೆಯ ಹೊತ್ತಿಗೆ ಪಕ್ಕದಲ್ಲಿ ಮಲಗುವವನ ತುಟಿ ಒಡೆಯಲಿ.